ಇಟ್ಟಿಗೆಯೂ ಮುರಕಲ್ಲೂ
(ಶತಮಾನೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಶಿಲ್ಪವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾರ್ಕಳದ ಗೊಮ್ಮಟ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಆ ಏಕಶಿಲೆಯನ್ನು ಕಂಡು ‘ಇದು ಶಿಲ್ಪವೇ?’ ಎಂದು ಯಾರೂ ಕೇಳರು. ಆದರೆ ಲಂಡನ್ನಿನ ಟೇಟ್ ಗ್ಯಾಲರಿಯು 1972ರಲ್ಲಿ ಕೊಂಡ ಕೃತಿಯೊಂದು ಇದೇ ಪ್ರಶ್ನೆಗೆ ಗುರಿಯಾಯಿತು.

ಅದು ಅಮೆರಿಕದ ಕಾರ್ಲ್ ಆಂದ್ರೆಯವರ ‘ಇಕ್ವಿವಲೆಂಟ್ 8’. ಕುಲುಮೆಗೆ ಬಳಸುವ 120 ಇಟ್ಟಿಗೆಗಳು ನೆಲದ ಮೇಲೆ ಎರಡು ಪದರಗಳಲ್ಲಿ ಹರಡಿವೆ. ಗಾರೆಯಿಲ್ಲ, ಕೆತ್ತನೆಯಿಲ್ಲ, ಪೀಠವೂ ಇಲ್ಲ. 1976ರಲ್ಲಿ ಪತ್ರಿಕೆಗಳು ಇದನ್ನು ಗೇಲಿ ಮಾಡಿದವು. ಸಾರ್ವಜನಿಕರ ಹಣ ಪೋಲಾಯಿತೆಂದು ಜನ ಸಿಟ್ಟಾದರು. ಒಬ್ಬನಂತೂ ಇಟ್ಟಿಗೆಗಳ ಮೇಲೆ ನೀಲಿ ಬಣ್ಣ ಎರಚಿದನು.

ಆಂದ್ರೆ ಕೆಲವು ಕಾಲ ರೈಲ್ವೆಯಲ್ಲಿ ದುಡಿದವರು. 1966ರಲ್ಲಿ ಅವರು ಇಂತಹ ಎಂಟು ಕೃತಿಗಳನ್ನು ರಚಿಸಿದರು. ಪ್ರತಿಯೊಂದರಲ್ಲಿಯೂ 120 ಇಟ್ಟಿಗೆಗಳು. ಜೋಡಣೆ ಮಾತ್ರ ಬೇರೆ ಬೇರೆ. ಒಂದು ನೀಳ, ಇನ್ನೊಂದು ಅಗಲ. ಆದರೂ ಘನಗಾತ್ರ ಸಮಸಮ. ಹೆಸರಿನ ಅರ್ಥವೂ ‘ಸಮಾನ’ವೆಂದೇ. ಯಾವ ಇಟ್ಟಿಗೆಯೂ ಮೇಲಲ್ಲ, ಯಾವುದೂ ಕೀಳಲ್ಲ.

ಇದನ್ನು ಮಹಾಶಿಲ್ಪವೆಂದು ಎಲ್ಲರೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಆ ಇಟ್ಟಿಗೆಗಳು ಯಾರಿಗೂ ನೆರಳು ಕೊಡುವುದಿಲ್ಲ ಎಂಬ ಮಾತು ನಿಜ. ಆದರೆ ದಿನನಿತ್ಯ ಕಂಡೂ ಕಾಣದ ವಸ್ತುವನ್ನು ಅವು ನಮ್ಮ ದೃಷ್ಟಿಗೆ ತಂದವು.

ಉಡುಪಿ, ಕಾಪು, ಮಣಿಪಾಲ, ಕಾರ್ಕಳಗಳಲ್ಲಿ ನಾವು ಕಂಡೂ ಕಾಣದ ವಸ್ತು ಯಾವುದು? ಮುರಕಲ್ಲು! ಕಣಿಯಿಂದ ಕಡಿಯುವಾಗ ಮೆದು. ಗಾಳಿ ಬಿಸಿಲಿಗೆ ಒಡ್ಡಿದಂತೆಲ್ಲ ಗಟ್ಟಿ. ಅದರ ಗೋಡೆಗಳ ಮೇಲೆ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತಯಾರಿಸತೊಡಗಿದ ಹಂಚು ಕುಳಿತಿತು. ನಮ್ಮ ಹಿರಿಯರ ಮನೆಗಳೂ ಎಷ್ಟೋ ಇಗರ್ಜಿಗಳೂ ಎದ್ದದ್ದು ಹೀಗೆಯೇ. ದಾನಿಗಳ ಹೆಸರು ಅಮೃತಶಿಲೆಯಲ್ಲಿ ಉಳಿಯಿತು. ಕಲ್ಲು ಕಡಿದವರ, ಹೊತ್ತವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಅವರ ಸಾಕ್ಷಿಯೆಂದರೆ ಆ ಗೋಡೆಯೊಂದೇ.

ಶತಮಾನೋತ್ಸವವೆಂದರೆ ನವೀಕರಣವೆಂಬುದು ಇಂದಿನ ವಾಡಿಕೆ. ಬಿರುಕು ಬಿಟ್ಟುದನ್ನು ಸರಿಪಡಿಸಲೇಬೇಕು. ಅಪಾಯದ ಗೋಡೆಯನ್ನು ಕೆಡವಲೂಬೇಕು. ಆದರೆ ಹಳತೆಂಬ ಒಂದೇ ಕಾರಣಕ್ಕೆ ಕೆಡವುವುದು ಬೇಡ. ಕೆಡವಲೇಬೇಕಾದಲ್ಲಿ ಆ ಕಲ್ಲುಗಳು ಹೊಸ ಆವರಣಗೋಡೆಗಾದರೂ ಒದಗಲಿ. ದುಡಿದವರ ಹೆಸರು ಹಿರಿಯರ ನೆನಪಿನಲ್ಲಿ ಇನ್ನೂ ಇದ್ದರೆ, ಇಂದೇ ಕೇಳಿ ಬರೆದಿಡೋಣ.

ಗೋಡೆಯಲ್ಲಿ ಕೆಳಗಿನ ಕಲ್ಲು ಕಾಣುವುದಿಲ್ಲ. ಆದರೆ ಮೇಲಿನದೆಲ್ಲವೂ ಅದರ ಮೇಲೆಯೇ ನಿಂತಿದೆ.