ಅಜೀಜನ ಬಗ್ಗೆ ನೀವೇನಂತೀರಿ?

ಓದುಗರ ಕೂಟದಲ್ಲಿ ಅಭಿಪ್ರಾಯ ಹೇಳುವುದು ಹೇಗೆ ಅನ್ನುವುದರ ಮೇಲೆ ಮಾತಾಡಿ ಅಂದಿದ್ದೀರಿ. ಸಿದ್ಧಾಂತ ನನ್ನಿಂದಾಗದು. ಒಂದು ಪುಸ್ತಕ ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ದಿಲ್ಲಿ ಕನ್ನಡಿಗರು ತಪ್ಪಿಸಿಕೊಳ್ಳಲಾಗದ ಪುಸ್ತಕ ಅದು, ಗಿರೀಶ ಕಾರ್ನಾಡರ 'ತುಘಲಕ್'.

1964ರಲ್ಲಿ ಅಚ್ಚಾದ ನಾಟಕ. ಬಿ.ವಿ. ಕಾರಂತರು ಅದನ್ನು ಹಿಂದೂಸ್ತಾನಿಗೆ ತಂದರು. ಇಬ್ರಾಹಿಂ ಅಲ್ಕಾಜಿ ಪುರಾನಾ ಕಿಲಾದ ಗೋಡೆಗಳ ನಡುವೆ ಆಡಿಸಿದಾಗ ಮನೋಹರ್ ಸಿಂಗ್ ಸುಲ್ತಾನ ತುಘಲಕನ ಪಾತ್ರದಲ್ಲಿದ್ದರು. ಆ ಪ್ರಯೋಗ ನೋಡಿದ ಒಬ್ಬ ಹಿರಿಯರು ಕೂಟದಲ್ಲಿದ್ದರೆ ಸಾಕು, ಉಳಿದವರ ಬಾಯಿ ಕಟ್ಟಿಹೋಗುತ್ತದೆ. ಅಂಥವರಿಗೆ ಕೊನೆಯಲ್ಲಿ ಮಾತು ಕೊಡಿ ಎಂಬುದು ನನ್ನ ಮೊದಲ ಸಲಹೆ. (ನಗಬೇಡಿ, ನಾನೂ ಆ ವಯಸ್ಸಿಗೆ ಬರುತ್ತಿದ್ದೇನೆ.)

ಇಲ್ಲಿ ಈ ನಾಟಕ ಓದುವಾಗ ಒಂದು ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಬಹಳ ಜನ ಕೇಂದ್ರ ಸರ್ಕಾರದ ನೌಕರಿಗೆ ಬಂದು ಇಲ್ಲೇ ನೆಲೆಸಿದವರು. ನಾಟಕದಲ್ಲಿ ಸುಲ್ತಾನನ ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ ಹೊರಟಿತು ಅಂದರೆ ಸಾಕು, 'ಟ್ರಾನ್ಸ್‌ಫರ್ ಆರ್ಡರ್ ಬಂತು' ಅಂತ ನಗೆ ಏಳುತ್ತದೆ. ನಗಲಿ. ಓದುಗನ ಬದುಕು ಪುಸ್ತಕದೊಳಕ್ಕೆ ಬರದಿದ್ದರೆ ಅಭಿಪ್ರಾಯಕ್ಕೆ ಜೀವವಿಲ್ಲ. ಆದರೆ ಅಲ್ಲೇ ನಿಂತರೆ ನಾವು ನಮ್ಮ ಸರ್ವಿಸ್ ಕಥೆ ಹೇಳಿಕೊಂಡು, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಪುಸ್ತಕ ತೆರೆದೇ ಇರುವುದಿಲ್ಲ.

ಪುಟಕ್ಕೆ ಮರಳಲು ಅಜೀಜನನ್ನು ಹಿಡಿಯಿರಿ. ವೃತ್ತಿಯಲ್ಲಿ ಅಗಸ. ಸುಲ್ತಾನನ ಮೇಲೂ ಯಾರು ಬೇಕಾದರೂ ದಾವೆ ಹೂಡಬಹುದು ಎಂಬ ಫರ್ಮಾನು ಕೇಳಿ, ಬ್ರಾಹ್ಮಣನ ವೇಷ ಹಾಕಿ, ದಾವೆ ಗೆದ್ದು, ಪರಿಹಾರದ ಜೊತೆಗೆ ಸರ್ಕಾರಿ ಕೆಲಸವನ್ನೂ ಗಿಟ್ಟಿಸುತ್ತಾನೆ. 'ಕಾಮಿಡಿ ಪಾತ್ರ' ಅನ್ನುವವರಿದ್ದಾರೆ. ಅವರ ಜೊತೆ ವಾದಕ್ಕಿಳಿಯಬೇಡಿ, ದೌಲತಾಬಾದಿನ ದಾರಿಯ ದೃಶ್ಯ ಗಟ್ಟಿಯಾಗಿ ಓದಿಸಿ. ಮಗು ಸಾಯುತ್ತಿದೆ, ಹಕೀಮರ ಹತ್ತಿರ ಹೋಗಿಬರಲು ಬಿಡಿ ಅಂತ ತಾಯಿ ಬೇಡುತ್ತಾಳೆ. ಸರ್ಕಾರಿ ಕೆಲಸದಲ್ಲಿರುವ ಅಜೀಜ ಕೇಳುವುದು ದುಡ್ಡು. ಓದಿ ಮುಗಿಸಿದವರ ದನಿ ಬದಲಾಗಿರುತ್ತದೆ, ಮತ್ತೆ 'ಕಾಮಿಡಿ' ಅನ್ನಲು ಅವರು ಯೋಚಿಸುತ್ತಾರೆ.

ನನ್ನ ಮಟ್ಟಿಗೆ ಸುಲ್ತಾನನ ಒಂದೊಂದು ಆಜ್ಞೆಯನ್ನೂ ಮನಸ್ಸಿಟ್ಟು ಓದಿದವನು ಇಡೀ ರಾಜ್ಯದಲ್ಲಿ ಅಜೀಜ ಒಬ್ಬನೇ. ಬರನಿ ಇತಿಹಾಸ ಬರೆಯುತ್ತಾನೆ, ಮೌಲ್ವಿಗಳು ಗೊಣಗುತ್ತಾರೆ, ಅಮೀರರು ಸಂಚು ಹೂಡುತ್ತಾರೆ. ಇವನು ಮಾತ್ರ ಆಜ್ಞೆಯ ಸಂದಿಯಲ್ಲಿ ನುಸುಳಿಕೊಳ್ಳುತ್ತಾನೆ. ಸುಲ್ತಾನನ ಆಜ್ಞೆಯಿಂದ ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಹೊಡೆಯುವುದು ಆ ಓದಿನದೇ ಮುಂದುವರಿಕೆ. ಕೊನೆಗೆ ಸಿಕ್ಕಿಬಿದ್ದಾಗ ಸುಲ್ತಾನ ಅವನನ್ನು ಕೊಲ್ಲಿಸುವುದಿಲ್ಲ, ದಖ್ಖನಿನಲ್ಲಿ ಅಧಿಕಾರಿ ಮಾಡುತ್ತಾನೆ.

ಅಜೀಜನ ಬಗೆಗಿನ ನನ್ನ ಈ ಮಾತಿಗೆ ನಮ್ಮ ಕೂಟದ ಸದಸ್ಯೆಯೊಬ್ಬರು ಖಡಾಖಂಡಿತವಾಗಿ ಒಪ್ಪುವುದಿಲ್ಲ. ಅಜೀಜನನ್ನು ಜಾಣನೆಂದು ಮೆಚ್ಚಿದರೆ ಆ ತಾಯಿಯನ್ನು ಮರೆತ ಹಾಗೆ, ಸುಲ್ತಾನನೂ ಅದೇ ತಪ್ಪು ಮಾಡಿದ ಎನ್ನುತ್ತಾರೆ. ಅವರ ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಮುಂದಿನ ತಿಂಗಳ ಕೂಟ ಬೇಗಂಪುರ ಮಸೀದಿಯ ಹತ್ತಿರ. ತುಘಲಕನ ಜಹಾಂಪನಾ ಇದ್ದದ್ದು ಆ ಸುತ್ತಿನಲ್ಲೇ. ಕನ್ನಡ ಪ್ರತಿ ಇದ್ದವರು ತನ್ನಿ, ಕೊನೆಯ ದೃಶ್ಯದಿಂದ ಶುರುಮಾಡೋಣ.