ಚಿತ್ರಕಲೆಗೂ ಒಂದು ಡಿಗ್ರಿ ಇದೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಸಂಘಟಕರು ಎಂಜಿನಿಯರಿಂಗ್ ಬಗ್ಗೆ ಮಾತಾಡು ಅಂದರು. ಆ ದಾರಿ ಈಗ ಎಲ್ಲರಿಗೂ ಗೊತ್ತಿದೆ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕು, ಸಿಇಟಿ ಬರೆಯಬೇಕು, ಕೌನ್ಸೆಲಿಂಗಿಗೆ ಹೋಗಬೇಕು ಅಂತ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಗೊತ್ತಿಲ್ಲದ ಇನ್ನೊಂದು ದಾರಿಯ ಬಗ್ಗೆ ಮಾತಾಡುತ್ತೇನೆ ಅಂತ ಅವರ ಒಪ್ಪಿಗೆ ಪಡೆದಿದ್ದೇನೆ. ಚಿತ್ರ ಬರೆಯುವ ಮಗು ಡಿಗ್ರಿ ಪಡೆಯುವುದು ಹೇಗೆ ಅನ್ನುವುದೇ ನನ್ನ ವಿಷಯ.

ಅದಕ್ಕೆ ಮೊದಲು ಒಂದು ಸಾಲದ ವಿಷಯ ಹೇಳಬೇಕು.

ಹತ್ತನೇ ತರಗತಿಯಲ್ಲಿ ನನ್ನ ಸೈನ್ಸ್ ರೆಕಾರ್ಡಿಗೆ ಒಳ್ಳೆಯ ಅಂಕ ಬಂದಿತ್ತು. ಅದರಲ್ಲಿದ್ದ ಹೃದಯ, ಕಣ್ಣು, ಮೂತ್ರಪಿಂಡದ ಚಿತ್ರಗಳನ್ನು ಬರೆದವನು ನಾನಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಅವನು ಇವತ್ತು ಈ ಸಭೆಯಲ್ಲೇ ಇದ್ದಾನೆ, ಹೆಸರು ಹೇಳಬೇಡ ಅಂದಿದ್ದಾನೆ. ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಅವನು ನನಗೆ ಚಿತ್ರ ಬರೆದುಕೊಡಬೇಕು, ನಾನು ಅವನಿಗೆ ಲೆಕ್ಕ ಹೇಳಿಕೊಡಬೇಕು. ಅವನು ಹೇಳಿದ ದಿನಕ್ಕೆ ಮೊದಲೇ ಚಿತ್ರ ಮುಗಿಸಿಕೊಟ್ಟ. ನಾನು ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕಿದೆ. ಅವನು ಗಣಿತದಲ್ಲಿ ಫೇಲಾದ. ಪೂರಕ ಪರೀಕ್ಷೆ ಕಟ್ಟಲಿಲ್ಲ. ನಾನು ಪಿಯುಸಿಗೆ ಹೋದೆ, ಅವನು ಬ್ರಷ್ ಮತ್ತು ಪೇಂಟ್ ಡಬ್ಬ ಹಿಡಿದು ಮಾಲೂರಿನ ಬಸ್ ಹತ್ತಿದ.

ಅಂಗಡಿ ಬೋರ್ಡು, ಹೆಂಚಿನ ಕಾರ್ಖಾನೆಯ ಗೋಡೆ, ಲಾರಿಯ ಹಿಂಭಾಗ, ಚುನಾವಣೆ ಬಂದರೆ ಪಕ್ಷದ ಚಿಹ್ನೆ, ಎಲ್ಲ ಬರೆದ. ಆಮೇಲೆ ಫ್ಲೆಕ್ಸ್ ಬಂತು. ಅವನು ಒಂದು ದಿನ ಕೂತು ಬರೆಯುತ್ತಿದ್ದುದನ್ನು ಯಂತ್ರ ಹತ್ತು ನಿಮಿಷದಲ್ಲಿ ಮುದ್ರಿಸತೊಡಗಿತು. ಈಗ ಮನೆಗಳಿಗೆ ಬಣ್ಣ ಬಳಿಯುತ್ತಾನೆ. ಮರ್ಯಾದೆಯಿಂದ ಬದುಕಿದ್ದಾನೆ, ಕನಿಕರ ಬೇಡ. ಆದರೆ ಚಿತ್ರಕಲೆಗೆ ಒಂದು ಕಾಲೇಜಿದೆ, ಡಿಗ್ರಿ ಇದೆ ಅಂತ ಆ ಕಾಲದಲ್ಲಿ ಅವನಿಗೆ ಹೇಳಿದವರಿಲ್ಲ. ಗೊತ್ತಿದ್ದರೂ ಒಳಗೆ ಹೋಗಲು ಪಿಯುಸಿ ಬೇಕಿತ್ತು. ಅವನನ್ನು ತಡೆದದ್ದು ಗಣಿತದ ಒಂದು ಪೇಪರು. ಅದರಲ್ಲಿ ನನ್ನ ಪಾಲೂ ಇದೆ.

ಮೂರು ವರ್ಷದ ಹಿಂದೆ ಅವನು ಫೋನ್ ಮಾಡಿದ. ಅವನ ಅಕ್ಕನ ಮಗಳು, ಇದೇ ಶಾಲೆಯಲ್ಲಿ ಓದಿದವಳು, ಪಿಯುಸಿ ಆರ್ಟ್ಸ್ ಪಾಸು ಮಾಡಿದ್ದಳು. ಮಾವನ ಪೇಂಟ್ ಡಬ್ಬ ಹಿಡಿದುಕೊಂಡೇ ಬೆಳೆದವಳು. "ಇವಳಿಗೆ ಏನಾದರೂ ಇದೆಯೇನೋ ನೋಡು" ಅಂದ. ಆಗ ನಾನು ವಿಚಾರಿಸಿ, ಕಾಲೇಜುಗಳಿಗೆ ಅಲೆದು ತಿಳಿದುಕೊಂಡದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಈ ಪದವಿಯ ಹೆಸರು ಬಿ.ವಿ.ಎ., ಅಂದರೆ ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ಕನ್ನಡದಲ್ಲಿ ದೃಶ್ಯಕಲಾ ಪದವಿ. ಬಿ.ಎಫ್.ಎ. ಅನ್ನುವುದೂ ಇದೇ ಬಗೆಯದು. ಎರಡೂ ಯುಜಿಸಿ ಒಪ್ಪಿದ ಪದವಿಗಳು. ನನ್ನ ಬಿ.ಇ. ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಇತ್ತು. ಇದೂ ಸಾಮಾನ್ಯವಾಗಿ ಅಷ್ಟೇ. ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ, ಆರ್. ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆ ಇದೆ. ಮೈಸೂರಿನಲ್ಲಿ ಎಲ್ಲರೂ ಕಾವಾ ಅಂತ ಕರೆಯುವ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿದೆ. ದಾವಣಗೆರೆಯಲ್ಲಿ ವಿಶ್ವವಿದ್ಯಾನಿಲಯದ ದೃಶ್ಯಕಲಾ ಕಾಲೇಜಿದೆ, ಕಲಬುರಗಿಯಲ್ಲೂ ಕಲಾಶಾಲೆಗಳಿವೆ.

ಸೇರಲು ಏನು ಬೇಕು? ಮೊದಲನೆಯದು ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತದೆ. ಎರಡನೆಯದು ಪ್ರವೇಶ ಪರೀಕ್ಷೆ. ಇದಕ್ಕೆ ಸಿಇಟಿ ಇಲ್ಲ, ಕಾಲೇಜೇ ನಡೆಸುತ್ತದೆ. ಎದುರಿಗಿಟ್ಟ ವಸ್ತುವನ್ನೋ ಮನುಷ್ಯನನ್ನೋ ನೋಡಿ ಬರೆಯುವುದು, ಒಂದು ವಿಷಯ ಕೊಟ್ಟರೆ ಅದನ್ನು ಕಲ್ಪಿಸಿಕೊಂಡು ಬಣ್ಣದಲ್ಲಿ ಸಂಯೋಜಿಸುವುದು, ಇಂಥವು ಇರುತ್ತವೆ. ಮೂರನೆಯದು ಸಂದರ್ಶನ. ಅಲ್ಲಿ ನೀವು ಬರೆದ ಚಿತ್ರಗಳ ಕಟ್ಟನ್ನು ತೋರಿಸಬೇಕು. ಪೋರ್ಟ್‌ಫೋಲಿಯೋ ಅನ್ನುತ್ತಾರೆ. ಕ್ಯಾಲೆಂಡರ್ ನೋಡಿ ನಕಲು ಮಾಡಿದ ದೇವರ ಚಿತ್ರಕ್ಕಿಂತ ಮನೆಯ ಹಿತ್ತಲಿನ ಒರಳುಕಲ್ಲು, ಮೇಯುತ್ತಿರುವ ಹಸು, ಸಂತೆಯಲ್ಲಿ ಕೂತ ಅಜ್ಜಿಯನ್ನು ನೋಡಿ ಬರೆದದ್ದಕ್ಕೆ ಅಲ್ಲಿ ಹೆಚ್ಚು ಬೆಲೆ. ಕನಿಷ್ಠ ಅಂಕ, ಶುಲ್ಕ, ಕೊನೆಯ ದಿನಾಂಕ ಕಾಲೇಜಿನಿಂದ ಕಾಲೇಜಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ನಮ್ಮ ಹುಡುಗಿಗೆ ಮೊದಲ ವರ್ಷ ಸೀಟು ತಪ್ಪಿತು. ನಾನು ವಿಚಾರಿಸುವಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ಅವರಮ್ಮ ಮದುವೆಯ ಮಾತು ತೆಗೆದರು. ಗೆಳೆಯ ಒಂದೇ ಮಾತು ಹೇಳಿದ: "ಒಂದು ವರ್ಷ ಕಾಯೋಣ, ಅಕ್ಕ." ಆ ವರ್ಷ ಅವಳು ದಿನಕ್ಕೆ ಹತ್ತು ಸ್ಕೆಚ್ ಬರೆದಳು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಕಲ್ಲು ಕೆತ್ತುವವರ ಕೈಗಳನ್ನೇ ಒಂದು ಪುಸ್ತಕದ ತುಂಬ ಬರೆದಳು. ಮುಳಬಾಗಿಲಿನ ಕುರುಡುಮಲೆಗೆ ಹೋಗಿ ಆ ದೊಡ್ಡ ಏಕಶಿಲಾ ಗಣಪನನ್ನು, ಆವಣಿಗೆ ಹೋಗಿ ರಾಮಲಿಂಗೇಶ್ವರ ದೇವಸ್ಥಾನದ ಗೋಡೆಗಳನ್ನು, ಶ್ರೀನಿವಾಸಪುರದ ಮಾವಿನ ಮಂಡಿಯನ್ನು ಬರೆದಳು. ಮರುವರ್ಷ ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟಳು. ಸೀಟು ಸಿಕ್ಕಿತು. ಈಗ ಎರಡನೇ ವರ್ಷದಲ್ಲಿದ್ದಾಳೆ.

ಸೇರಿದ ಮೇಲೆ ಡಿಗ್ರಿ ಸುಮ್ಮನೆ ಸಿಗುವುದಿಲ್ಲ. ಇದನ್ನು ತಂದೆತಾಯಿಯರು ಗಮನಿಸಬೇಕು. ಮೊದಲ ವರ್ಷ ಬುನಾದಿ: ರೇಖಾಚಿತ್ರ, ಬಣ್ಣ, ಮಣ್ಣಿನ ಕೆಲಸ, ಅಚ್ಚಿನ ಕೆಲಸ, ಎಲ್ಲವನ್ನೂ ಎಲ್ಲರೂ ಕಲಿಯಬೇಕು. ಆಮೇಲೆ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ ಅಂದರೆ ಮುದ್ರಣ ಕಲೆ, ಅನ್ವಯಿಕ ಕಲೆ, ಕಲಾ ಇತಿಹಾಸ ಮುಂತಾದವುಗಳಲ್ಲಿ ಆ ಕಾಲೇಜಿನಲ್ಲಿರುವ ಒಂದನ್ನು ಆರಿಸಿಕೊಳ್ಳಬೇಕು. ಹಾಜರಾತಿ ಇರಬೇಕು. ಸೆಮಿಸ್ಟರಿಗೆ ಇಷ್ಟು ಕೃತಿ ಅಂತ ಮುಗಿಸಿ ಒಪ್ಪಿಸಬೇಕು, ಹೊರಗಿನಿಂದ ಬಂದ ಪರೀಕ್ಷಕರೂ ನೋಡುತ್ತಾರೆ. ಇದರ ಜೊತೆಗೆ ಭಾಷೆಗಳು, ಭಾರತದ ಮತ್ತು ಪಶ್ಚಿಮದ ಕಲೆಯ ಇತಿಹಾಸ, ಸೌಂದರ್ಯಶಾಸ್ತ್ರ ಇವೆಲ್ಲ ಬರವಣಿಗೆಯ ಪೇಪರುಗಳು. ಕೈ ಚೆನ್ನಾಗಿದ್ದೂ ಈ ಪೇಪರುಗಳಲ್ಲಿ ಉಳಿದುಕೊಂಡರೆ ಪದವಿ ಕೈಗೆ ಬರುವುದಿಲ್ಲ. ನನ್ನ ಗೆಳೆಯನನ್ನು ನಿಲ್ಲಿಸಿದ್ದು ಗಣಿತ. ಇವಳಿಗೆ ಕಷ್ಟವಾದದ್ದು ಕಲಾ ಇತಿಹಾಸ. ಈ ಸಲ ನಾನು ನಾಳೆ ಅನ್ನಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಕೂತು ಅವಳ ಜೊತೆ ಓದುತ್ತೇನೆ. ನನಗೂ ಅದು ಹೊಸ ಪಾಠ. ಮೈಸೂರು ಅರಸರ ನೆರವಿನಿಂದ ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಗೂರರ ಬಳಿ ಕಲಿತರು ಅಂತ ಅವಳ ನೋಟ್ಸಿನಿಂದಲೇ ನನಗೆ ಗೊತ್ತಾದದ್ದು.

ಹಣದ ಮಾತು. ಬಣ್ಣ, ಕಾಗದ, ಕ್ಯಾನ್‌ವಾಸಿಗೆ ಖರ್ಚಿದೆ. ಅದನ್ನು ಮುಚ್ಚಿಡಬಾರದು. ಅರ್ಹರು ವಿದ್ಯಾರ್ಥಿವೇತನಕ್ಕೆ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಬೆಂಗಳೂರು, ಮೈಸೂರಿನಲ್ಲಿ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿವೆ. ಜಾತಿ, ಆದಾಯದ ಪ್ರಮಾಣಪತ್ರವನ್ನು ಪಿಯುಸಿ ಮುಗಿಯುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಓದಿ ಏನು ಮಾಡುತ್ತಾರೆ ಅಂತ ಕೇಳುತ್ತೀರಿ, ಕೇಳಲೇಬೇಕು. ಚಿತ್ರಕಾರನಾಗಿ, ಶಿಲ್ಪಿಯಾಗಿ ಬದುಕುವುದು ತಿಂಗಳ ಸಂಬಳದ ಬದುಕಲ್ಲ. ಚಿತ್ರಕಲಾ ಶಿಕ್ಷಕರಾಗುವ ದಾರಿ ಇದೆ, ಜಾಹೀರಾತು, ಪುಸ್ತಕ, ಸಿನಿಮಾ, ಅನಿಮೇಶನ್ ಇದೆ. ನಾನು ಬರೆಯುವ ಕೋಡು ಯಾರ ಕಣ್ಣಿಗೂ ಕಾಣುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ಕಾಣುವ ಪುಟ, ಗುಂಡಿ, ಬಣ್ಣ ಇವನ್ನು ರೂಪಿಸುವವರು ಡಿಸೈನರುಗಳು. ನನ್ನ ತಂಡದಲ್ಲಿರುವ ಡಿಸೈನರ್ ಕಲಾಶಾಲೆಯಲ್ಲಿ ಓದಿದವರು. ಅವರಿಲ್ಲದೆ ನಮ್ಮ ಕೆಲಸ ಮುಗಿಯುವುದಿಲ್ಲ.

ಮಕ್ಕಳಿಗೆ ನನ್ನ ಮಾತು ಇಷ್ಟೇ. ಚಿತ್ರ ಚೆನ್ನಾಗಿ ಬರುತ್ತದೆ, ಓದು ಯಾಕೆ ಅಂತ ಶಾಲೆ ಬಿಡಬೇಡಿ. ಆ ಕಾಲೇಜಿನ ಬಾಗಿಲಲ್ಲಿ ಮೊದಲು ಕೇಳುವುದೇ ಅಂಕಪಟ್ಟಿ. ಹೈಸ್ಕೂಲಿನಲ್ಲಿರುವಾಗಲೇ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿ, ಅಭ್ಯಾಸವಾಗುತ್ತದೆ. ಜನವರಿಯಲ್ಲಿ ಪರಿಷತ್ತಿನ ಸುತ್ತ ಚಿತ್ರಸಂತೆ ನಡೆಯುತ್ತದೆ, ಮಾಲೂರಿನಲ್ಲಿ ರೈಲು ಹತ್ತಿ ಒಮ್ಮೆ ನೋಡಿ ಬನ್ನಿ. ತಂದೆತಾಯಿಯರೇ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಕಂಡರೆ ಹರಿಯಬೇಡಿ, ಗುರುಗಳಿಗೆ ತೋರಿಸಿ.

ನಮ್ಮ ಬ್ಯಾಚಿನವರು ಕೂತು ಎರಡು ಕೆಲಸ ಒಪ್ಪಿಕೊಂಡಿದ್ದೇವೆ. ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿ ಶನಿವಾರ ಮಧ್ಯಾಹ್ನ ನಮ್ಮಲ್ಲೊಬ್ಬರು ಬಂದು ಗಣಿತ ಹೇಳಿಕೊಡುತ್ತೇವೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳ ಶುಲ್ಕ, ಕಾಗದ, ಬಣ್ಣ ನಮ್ಮದು. ಚಿತ್ರ ಹೇಳಿಕೊಡಲು ಭಾನುವಾರ ಬೆಳಿಗ್ಗೆ ಯಾರು ಬರುತ್ತಾರೆ ಅಂತ ಕೇಳಿದಾಗ ನನ್ನ ಗೆಳೆಯ ಕೈ ಎತ್ತಿದ. ಮೊದಲ ಶನಿವಾರದ ಗಣಿತ ನನ್ನದು. ಇಪ್ಪತ್ತು ವರ್ಷ ತಡವಾಗಿದೆ, ಆದರೂ ಬರುತ್ತೇನೆ.