ಬೇಸಿಗೆಯಲ್ಲೂ ಹಿತ್ತಲು ಹಸಿರಾಗಿರಲಿ

(ಮೈಲಾರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಸಿಸ್ಟರ್ ಮಾಡಿದ ಭಾಷಣದ ಬರಹ ರೂಪ)



ಉಳಿತಾಯ ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ವಾರವಾರ ಸಣ್ಣ ಮೊತ್ತ ಕಟ್ಟಿ, ಕಷ್ಟಕಾಲಕ್ಕೆ ಅದೇ ಹಣದಿಂದ ಸಾಲ ಪಡೆದು ತೀರಿಸಿದವರು ನೀವು. ಇವತ್ತು ಇನ್ನೊಂದು ಉಳಿತಾಯದ ಬಗ್ಗೆ ಮಾತಾಡೋಣ. ಅದು ಹಿತ್ತಲಿನ ಮಣ್ಣಿನಲ್ಲಿ ನೀರಿನ ಉಳಿತಾಯ.

ಭರತ ಹುಣ್ಣಿಮೆ ಜಾತ್ರೆಯಲ್ಲಿ ಕಾರ್ಣಿಕ ಕೇಳಿ, ಈ ವರ್ಷ ಮಳೆ ಬೆಳೆ ಹೇಗೆ ಅಂತ ನಮ್ಮ ಜನ ಲೆಕ್ಕ ಹಾಕುತ್ತಾರೆ. ಮಳೆ ಹೇಗಾದರೂ ಇರಲಿ, ಜಾತ್ರೆ ಮುಗಿದ ಮೇಲೆ ಮೂರು ತಿಂಗಳ ಬಿಸಿಲು ಮಾತ್ರ ತಪ್ಪಿದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಅದರ ಮುಂದಿನ ಬೇಸಿಗೆ ಹೇಗಿತ್ತು ಅಂತ ನೀವೇ ಬಲ್ಲಿರಿ.

ಹಿತ್ತಲಿನ ಮಾತು ತೆಗೆದಾಗಲೆಲ್ಲ ನೀವು ಕೇಳೋದು ಒಂದೇ: "ಸಿಸ್ಟರ್, ಕುಡಿಯಾಕ ನೀರಿಲ್ಲ, ಗಿಡಕ್ಕೆಲ್ಲಿಂದ ತರಾಣ್ರಿ?" ಕೇಳೋದರಲ್ಲಿ ನ್ಯಾಯ ಇದೆ. ಹೊಳೆ ಪಕ್ಕದಲ್ಲೇ ಇದ್ದರೂ ಮನೆಗೆ ಕೊಡ ಹೊರುವವಳು ಹೆಂಗಸೇ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಗಿಡಕ್ಕಾಗಿ ಒಂದು ಕೊಡ ನೀರನ್ನೂ ಹೆಚ್ಚಿಗೆ ಹೊರಬೇಡಿ. ಮನೆಗೆ ಈಗಾಗಲೇ ತಂದ ನೀರನ್ನೇ ಎರಡು ಸಲ ದುಡಿಸಿರಿ.

ಲೆಕ್ಕ ಹಾಕೋಣ

ಐದು ಜನರ ಮನೆ. ಒಬ್ಬೊಬ್ಬರ ಸ್ನಾನಕ್ಕೆ ಒಂದು ಬಕೆಟ್, ಅಂದರೆ ಸುಮಾರು 15 ಲೀಟರ್. ದಿನಕ್ಕೆ 75 ಲೀಟರ್ ಬಚ್ಚಲಿಂದ ಹರಿದುಹೋಗುತ್ತದೆ. ಕಡು ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ಸರಾಸರಿ 5ರಿಂದ 6 ಲೀಟರ್ ನೀರು ಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಹಿತ್ತಲು ಸುಮಾರು 11 ಚದರ ಮೀಟರ್. ಅಂದರೆ ಅಂಥ ಹಿತ್ತಲಿಗೆ ಬಚ್ಚಲ ನೀರೇ ಸಾಕು.

ಆದರೆ ಕೆಲವು ಎಚ್ಚರಿಕೆ ಬೇಕು. ಸೋಪಿನ ಪುಡಿ ಹಾಕಿ ಬಟ್ಟೆ ಒಗೆದ ಮೊದಲ ನೀರನ್ನು ಗಿಡಕ್ಕೆ ಹಾಕಬೇಡಿ, ಮಣ್ಣು ಗಟ್ಟಿಯಾಗುತ್ತದೆ. ಕೊನೆಯಲ್ಲಿ ಜಾಲಿಸಿದ ನೀರು ಪರವಾಗಿಲ್ಲ. ಬಚ್ಚಲ ನೀರನ್ನು ಬಾಳೆ, ಪಪ್ಪಾಯಿ, ನುಗ್ಗೆ, ಮಲ್ಲಿಗೆಯ ಬುಡಕ್ಕೆ ಬಿಡಿ. ಹಸಿಯಾಗಿ ತಿನ್ನುವ ಮೂಲಂಗಿ, ಮೆಂತ್ಯ, ಕೊತ್ತಂಬರಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಿ. ಬಚ್ಚಲ ನೀರನ್ನು ಮರುದಿನಕ್ಕೆ ಇಡಬೇಡಿ. ವಾಸನೆ ಬರುತ್ತದೆ, ಸೊಳ್ಳೆ ಆಗುತ್ತವೆ.

ಹಾಕಿದ ನೀರು ಉಳಿಯಲಿ

ಬರಿಗಾಲಲ್ಲಿ ಮಧ್ಯಾಹ್ನ ಹಿತ್ತಲಿಗೆ ಹೋದರೆ ಕಾಲು ಸುಡುತ್ತದೆ. ಅದೇ ಮಣ್ಣಿನಲ್ಲಿ ಗಿಡದ ಬೇರು ಇದೆ. ನಾವು ತಲೆಗೆ ಸೆರಗು ಹೊದ್ದ ಹಾಗೆ ಮಣ್ಣಿಗೂ ಹೊದಿಕೆ ಬೇಕು. ಶೇಂಗಾ ಹೊಟ್ಟು, ಜೋಳದ ಸೊಪ್ಪೆಯ ಚೂರು, ಒಣಗಿದ ಎಲೆ ಯಾವುದಾದರೂ ಸರಿ, ಮೂರು ಬೆರಳು ದಪ್ಪ ಹರಡಿರಿ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಗೆದ್ದಲು ಇದ್ದಲ್ಲಿ ಬೇವಿನ ಹಿಂಡಿ ಬೆರೆಸಿರಿ. ಕಸ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸುಡೋದು ಗಿಡದ ಹೊದಿಕೆಯನ್ನೇ.

ಎರಡನೆಯದು ಗಡಿಗೆ. ಐದು ಲೀಟರ್ ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಿ. ಇದಕ್ಕೆ ತಿಳಿ ನೀರೇ ಬೇಕು, ಸೋಪಿನ ನೀರಾದರೆ ರಂಧ್ರ ಕಟ್ಟಿಕೊಳ್ಳುತ್ತದೆ. ಸುತ್ತ ಹೀರೆ, ಸವತೆ ಹಚ್ಚಿರಿ. ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ಜಿನುಗುತ್ತದೆ, ಬೇರು ಅಲ್ಲಿಗೇ ಬಂದು ಕುಡಿಯುತ್ತದೆ. ನೀರು ತಳಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿಸಿ. ಇದು ಹೊಸ ವಿದ್ಯೆ ಏನಲ್ಲ. ಎರಡು ಸಾವಿರ ವರ್ಷ ಹಿಂದಿನ ಚೀನಾದ ಕೃಷಿ ಪುಸ್ತಕದಲ್ಲೇ ಇದನ್ನು ಬರೆದಿದ್ದಾರೆ.

ಮೂರನೆಯದು ನೆರಳು. ಪಡುವಣ ದಿಕ್ಕಿಗೆ ಎರಡು ನುಗ್ಗೆ ಗಿಡ ಇರಲಿ. ಅವು ಬೆಳೆಯುವ ತನಕ ಹಳೆಯ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ, ಗಾಳಿ ಆಡುವಷ್ಟು ಎತ್ತರದಲ್ಲಿ. ನೆರಳಿನ ಪರದೆಗೆ ಸಂಘದ ಸಾಲ ತೆಗೆಯುವ ಮೊದಲು ಪೆಟ್ಟಿಗೆಯಲ್ಲಿರುವ ಸೀರೆ ನೋಡಿ!

ನೀರು ಹಾಕುವ ಹೊತ್ತು ಬೆಳಗಿನ ಜಾವ, ಇಲ್ಲವೇ ಸೂರ್ಯ ಮುಳುಗುವಾಗ. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸಾಯುತ್ತದೆ. ಹಿತ್ತಲನ್ನು ಎರಡು ಪಾಲು ಮಾಡಿ. ಇವತ್ತಿನ ನೀರೆಲ್ಲ ಒಂದು ಪಾಲಿಗೆ, ನಾಳೆಯದು ಇನ್ನೊಂದಕ್ಕೆ. ಆಗ ನೀರು ಆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಎಲೆ ಬಾಡಿತು ಅಂತ ಓಡಿಹೋಗಿ ನೀರು ಹಾಕಬೇಡಿ, ಬಿಸಿಲಿಗೆ ಎಲೆ ಬಾಗುವುದು ಸಹಜ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಬೆರಳನ್ನು ಮಣ್ಣಿಗೆ ಎರಡು ಇಂಚು ಚುಚ್ಚಿ ನೋಡಿ. ಒಣಗಿದ್ದರೆ ನೀರು ಹಾಕಿ. ಹಸಿ ಇದ್ದೂ ಗಿಡ ಬಾಡಿದ್ದರೆ ಬೇರಿಗೆ ರೋಗವೋ ಹುಳವೋ ಬಿದ್ದಿರಬಹುದು. ಒಣ ಮಣ್ಣಿಗೆ ಯೂರಿಯಾ ಮಾತ್ರ ಹಾಕಲೇಬೇಡಿ, ಬೇರು ಸುಡುತ್ತದೆ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಉಪ್ಪು. ಅಂಥ ಕಡೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಹೆಚ್ಚು ಹಾಕಿ, ಮಳೆಗಾಲದಲ್ಲಿ ಸೂರಿನ ನೀರನ್ನು ಅಲ್ಲಿಗೇ ತಿರುಗಿಸಿ.

ಯಾವುದನ್ನು ಉಳಿಸಬೇಕು?

ನೀರು ತೀರಾ ಕಡಿಮೆಯಾದಾಗ ಎಲ್ಲವನ್ನೂ ಉಳಿಸಲು ಹೋದರೆ ಎಲ್ಲವೂ ಹೋಗುತ್ತವೆ. ಪಟ್ಟಣದಲ್ಲಿ ಕೆಲವರು ಅಂಗಳದ ಹುಲ್ಲುಹಾಸಿಗೆ ಪೈಪ್ ಹಿಡಿದು ನಿಲ್ಲುತ್ತಾರೆ. ನಮ್ಮ ಗರಿಕೆಯನ್ನು ನೋಡಿ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಬೇರು ಜೀವ ಹಿಡಿದಿರುತ್ತದೆ. ಮೊದಲ ಮಳೆಗೆ ತಾನೇ ಚಿಗುರುತ್ತದೆ, ಅದಕ್ಕೆ ನೀರು ಬೇಡ. ಬೇರು ಬಿಟ್ಟ ನುಗ್ಗೆ, ಕರಿಬೇವು, ಚವಳಿಕಾಯಿ ಕಡಿಮೆ ನೀರಲ್ಲೂ ತಾಳುತ್ತವೆ. ಮೊದಲು ಬದುಕಿಸಬೇಕಾದ್ದು ಎಳೆಯ ಗಿಡಗಳನ್ನು, ಒಂದೆರಡು ಮಡಿ ಸೊಪ್ಪನ್ನು, ಮತ್ತು ಮಲ್ಲಿಗೆಯನ್ನು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇಸಿಗೆಯಲ್ಲಿ ಕೂಲಿ ಕಡಿಮೆಯಾದಾಗ ಹಿತ್ತಲಿನ ಹತ್ತು ಮಲ್ಲಿಗೆ ಗಿಡವೂ ಕೈಗೆ ನಾಲ್ಕು ಕಾಸು ಕೊಡುತ್ತವೆ.

ಸೊಪ್ಪು ಯಾಕೆ ಅಂದರೆ, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂತು. ಬೇಸಿಗೆಯಲ್ಲಿ ಸಂತೆಯ ಸೊಪ್ಪಿನ ಬೆಲೆ ಏರಿದಾಗ ಮೊದಲು ಖಾಲಿಯಾಗೋದು ಅಮ್ಮನ ತಟ್ಟೆ. ನುಗ್ಗೆ ಸೊಪ್ಪು, ಹರಿವೆ ಸೊಪ್ಪು ಹಿತ್ತಲಲ್ಲಿದ್ದರೆ ಆ ತಟ್ಟೆಗೂ ಬೀಳುತ್ತದೆ. ಅಂಗನವಾಡಿ, ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನಂತೂ ಬಿಡಬೇಡಿ.

ಕೊನೆಯದಾಗಿ ಮನೆಯ ಒಳಗಿನ ಮಾತು. ಹಿತ್ತಲು ಮನೆಮಂದಿಗೆಲ್ಲ ಸೇರಿದ್ದು, ಹಾಗಾಗಿ ಕೆಲಸವೂ ಎಲ್ಲರದು. ಗುಂಡಿ ತೋಡೋದು, ಕೋಲು ನೆಡೋದು, ಮೇಕೆ ಬಾರದಂತೆ ಮುಳ್ಳಿನ ಬೇಲಿ ಕಟ್ಟೋದು ಗಂಡ, ಮಕ್ಕಳು ಮಾಡಲಿ. ಮಗಳನ್ನು ಶಾಲೆ ಬಿಡಿಸಿ ಗಿಡಕ್ಕೆ ನೀರು ಹೊರಿಸುವಂಥ ಹಿತ್ತಲು ನಮಗೆ ಬೇಡವೇ ಬೇಡ.

ಮುಂದಿನ ಸಭೆಯೊಳಗೆ ಪ್ರತಿ ಸಂಘವೂ ಈ ಮೂರು ಕೆಲಸ ಮಾಡಲಿ:

1. ಪ್ರತಿ ಸದಸ್ಯೆ ತನ್ನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ, ಅದನ್ನು ಕನಿಷ್ಠ ಒಂದು ಗಿಡಕ್ಕಾದರೂ ತಿರುಗಿಸಲಿ.

2. ಒಬ್ಬರ ಹಿತ್ತಲಲ್ಲಿ ಒಂದೇ ಅಳತೆಯ ಎರಡು ಮಡಿ ಮಾಡಿ, ಒಂದಕ್ಕೆ ಹೊದಿಕೆ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಎರಡಕ್ಕೂ ಅಷ್ಟೇ ನೀರು ಹಾಕಿ. ಹದಿನೈದು ದಿನದ ಮೇಲೆ ಎಲ್ಲರೂ ಹೋಗಿ ನೋಡಿರಿ. ನನ್ನ ಮಾತು ನಂಬಬೇಡಿ, ನಿಮ್ಮ ಕಣ್ಣು ನಂಬಿರಿ.

3. ಮನೆಯಲ್ಲಿರುವ ಹೀರೆ, ಚವಳಿ, ಹರಿವೆ ಬೀಜವನ್ನು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟು ಸಂಘದಲ್ಲಿ ಹಂಚಿಕೊಳ್ಳಿ. ಒಂದು ಹಿಡಿ ತೆಗೆದುಕೊಂಡವರು ಬೆಳೆದ ಮೇಲೆ ಎರಡು ಹಿಡಿ ಕೊಡಲಿ. ಇದಕ್ಕೆ ಬಡ್ಡಿ ಬರೆಯುವ ಪುಸ್ತಕ ಬೇಡ!